ಕ್ಯೂರಿಂಗ್ ಮಾವ

ಫ್ಲ್ಯಾಟ್ ನೋಡಲು ಹೊರಟ ಕಾರಿನಲ್ಲಿ ಮುಂದಿನ ಸೀಟು ಮಾವನಿಗೆ ಮೀಸಲು. ಇಪ್ಪತ್ತು ವರ್ಷ ಕಂತು ಕಟ್ಟಬೇಕಾದ ಗಂಡ ಹೆಂಡತಿಯಲ್ಲಿ ಒಬ್ಬರು ಗಾಡಿ ಓಡಿಸುತ್ತಾರೆ; ಇನ್ನೊಬ್ಬರು ಹಿಂದೆ ಮಗು, ನೀರಿನ ಬಾಟಲಿ, ಬ್ರೋಷರುಗಳ ನಡುವೆ ಒತ್ತರಿಸಿಕೊಂಡು ಕೂತಿರುತ್ತಾರೆ. ಈ ವ್ಯವಹಾರದಲ್ಲಿ ಮಾವನದು ಒಂದು ರೂಪಾಯಿಯೂ ಇಲ್ಲ. ಅವರ ಅಭಿಪ್ರಾಯ ಅಷ್ಟು ಗಟ್ಟಿಯಾಗಿರುವುದೂ ಅದಕ್ಕೇ.

ಇಂಥವರೊಬ್ಬರು ಎಲ್ಲರ ಬಳಗದಲ್ಲೂ ಇರುತ್ತಾರೆ. ಕೆಲವರಿಗೆ ದೊಡ್ಡಪ್ಪ, ಕೆಲವರಿಗೆ ಪಕ್ಕದ ಮನೆ ಅಂಕಲ್. ನಾನು ಹೇಳುತ್ತಿರುವವರನ್ನು ಹುಡುಗರು ಬೆನ್ನ ಹಿಂದೆ ‘ಕ್ಯೂರಿಂಗ್ ಮಾವ’ ಅನ್ನುತ್ತಾರೆ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಎಂಜಿನಿಯರಿಂಗಿಗೂ ಅವರಿಗೂ ಇರುವ ನಂಟು ಇಷ್ಟೇ: 1986ರಲ್ಲಿ ವಿಜಯನಗರದಲ್ಲಿ ಮನೆ ಕಟ್ಟಿಸುವಾಗ ರಜೆ ಹಾಕಿ, ಲುಂಗಿ ಎತ್ತಿ ಕಟ್ಟಿ, ಬೆಳಗ್ಗೆ ಸಂಜೆ ಗೋಡೆಗೆ ಪೈಪಿನಲ್ಲಿ ನೀರು ಬಿಟ್ಟಿದ್ದರು. ಆ ನೀರು ಗೋಡೆಗಿಂತ ಹೆಚ್ಚಾಗಿ ಅವರ ತಲೆಗೆ ಇಳಿದಿದೆ. ಅದೇ ಮನೆಯ ಮೆಟ್ಟಿಲ ಮೇಲೆ ಪ್ರತಿ ಮಳೆಗಾಲ ಒಂದು ಬಕೆಟ್ ಕೂರುತ್ತದೆ. ಕೇಳಿದರೆ, “ಮನೆ ಅಂದ್ಮೇಲೆ ಉಸಿರಾಡ್ಬೇಕಪ್ಪ” ಅನ್ನುತ್ತಾರೆ.

ಫ್ಲ್ಯಾಟಿನೊಳಗೆ ಕಾಲಿಟ್ಟವರೇ ಮಾವ ಮೂಗೆತ್ತಿ ಒಮ್ಮೆ ಗಾಳಿ ಎಳೆಯುತ್ತಾರೆ. “ಕಾವೇರಿನೋ, ಬೋರೋ? ಓ.ಸಿ. ಬಂದಿದ್ಯಾ? ಎ ಖಾತಾನೋ, ಬಿ ಖಾತಾನೋ?” ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಮಾರಾಟದ ಹುಡುಗ “ಓ.ಸಿ.ಗೆ ಅಪ್ಲೈ ಆಗಿದೆ ಸಾರ್, ಈ ವಾರ ಬಂದ್ಬಿಡತ್ತೆ” ಎಂದು ತನ್ನ ನಿತ್ಯದ ಪಾಠ ಒಪ್ಪಿಸುವಷ್ಟರಲ್ಲಿ ಮಾವ ರೂಮಿನಲ್ಲಿರುತ್ತಾರೆ. ನಡುಬೆರಳು ಮಡಿಸಿ ಗೋಡೆಗೆ ಟಕ್ ಟಕ್ ಟಕ್. ಕಿವಿ ಹಚ್ಚಿ ಕಣ್ಣು ಮುಚ್ಚುತ್ತಾರೆ. ಸಂತೆಯಲ್ಲಿ ಹಲಸಿನ ಹಣ್ಣು ತಟ್ಟುವವರ ಮುಖದಲ್ಲೂ ಅಷ್ಟು ಗಾಂಭೀರ್ಯ ಇರುವುದಿಲ್ಲ. ಆಮೇಲೆ ತೀರ್ಪು: “ಕ್ಯೂರಿಂಗ್ ಸಾಲ್ದು.”

ಗಿಲಾವು ಮಾಡಿ, ಪುಟ್ಟಿ ಬಳಿದು, ಎರಡು ಕೋಟ್ ಬಣ್ಣ ಹೊಡೆದ ಗೋಡೆಗೆ ಅದರ ಎಳವೆಯಲ್ಲಿ ಎಷ್ಟು ದಿನ ನೀರುಣಿಸಿದ್ದರು ಎಂದು ಬೆರಳಗೆಣ್ಣಿನಿಂದ ಕಂಡುಹಿಡಿಯುವ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಆದರೆ ಈ ತೀರ್ಪಿಗೊಂದು ಭದ್ರತೆ ಇದೆ: ಸುಳ್ಳು ಅಂತ ತೋರಿಸಬೇಕಾದರೆ ಗೋಡೆ ಒಡೆಯಬೇಕು. ಮಾವ “ತಗೋ” ಅಂತ ಯಾರಿಗೂ ಹೇಳಿದ್ದಿಲ್ಲ, “ಬೇಡ” ಅಂತಲೂ ಅನ್ನುವುದಿಲ್ಲ. “ನೋಡು, ನಿನ್ನಿಷ್ಟ” ಅನ್ನುತ್ತಾರೆ. ಮುಂದೆ ಮನೆ ಸೋರಿದರೂ ಸೋರದಿದ್ದರೂ ಗೆದ್ದವರು ಮಾವನೇ.

ಮನೆ ನೋಡುವ ಮುಹೂರ್ತವೂ ಅವರದೇ. ಆಷಾಢ ಬೇಡ, ಪಿತೃಪಕ್ಷ ಬೇಡವೇ ಬೇಡ. ಬೆಂಗಳೂರಿನಲ್ಲಿ ಮಳೆ ಜೋರಾಗಿ ಹೊಡೆಯುವುದು ಸೆಪ್ಟೆಂಬರ್ ಆಸುಪಾಸಿನಲ್ಲಿ. ಪಿತೃಪಕ್ಷ ಬರುವುದೂ ಸಾಮಾನ್ಯವಾಗಿ ಆಗಲೇ. ತಾರಸಿ, ಕಿಟಕಿ ಸಂದು, ಡಕ್ಟಿನ ಪೈಪು ಎಲ್ಲ ಬಾಯಿಬಿಟ್ಟು ನಿಜ ಹೇಳುವ ಆ ಹದಿನೈದು ದಿನ ನಮ್ಮವರಾರೂ ಆ ಕಡೆ ತಲೆ ಹಾಕುವುದಿಲ್ಲ. ಒದ್ದೆಯೆಲ್ಲ ಒಣಗಿ, ಮೇಲೊಂದು ಕೋಟ್ ಬಣ್ಣ ಬಿದ್ದ ಮೇಲೆ, ಸಂಕ್ರಾಂತಿ ಕಳೆದು ಶುಭಘಳಿಗೆಯಲ್ಲಿ ಹೋಗುತ್ತಾರೆ. ನನ್ನನ್ನು ಕೇಳಿದರೆ, ಪಿತೃಗಳು ಬೇಸರ ಮಾಡಿಕೊಳ್ಳಲಾರರು, ಬೇಸರವಾಗುವುದು ಬಿಲ್ಡರಿಗೆ.

ಖರ್ಚಿನ ವಿಷಯಕ್ಕೆ ಬಂದರೆ ನಾವೂ ಮಾವನಿಗಿಂತ ಕಡಿಮೆಯೇನಲ್ಲ. 80 ಲಕ್ಷದ ಫ್ಲ್ಯಾಟಿಗೆ ಶೇ 5ರಂತೆ ಮುದ್ರಾಂಕ ಶುಲ್ಕವೇ 4 ಲಕ್ಷ. ಅದನ್ನು ತೆರುತ್ತೇವೆ. ವಾಸ್ತು ಹೇಳುವವರಿಗೆ ಹಣ್ಣು ತಾಂಬೂಲದ ಸಮೇತ ದಕ್ಷಿಣೆ ಇಡುತ್ತೇವೆ. ಗೋಡೆ, ಪೈಪು, ವೈರಿಂಗ್ ನೋಡುವುದೇ ಕಸುಬಾದವರಿಗೆ ಕೆಲವು ಸಾವಿರ ಕೊಡಬೇಕು ಅಂದಕೂಡಲೇ, “ಬ್ಯಾಂಕಿನೋರು ಇಂಜಿನಿಯರ್ ಕಳಿಸಿದ್ರಲ್ಲ!” ಬ್ಯಾಂಕಿನ ಇಂಜಿನಿಯರ್ ನೋಡುವುದು, ಸಾಲ ಮುಳುಗಿದರೆ ಈ ಮನೆ ಎಷ್ಟಕ್ಕೆ ಹೋದೀತು ಎಂದು. ನಿಮ್ಮ ಬಚ್ಚಲು ಸೋರುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಅಂಥ ನೂರಾರು ವರದಿಗಳನ್ನು ಕಂಡ ಮಾವನಿಗೆ ಇದು ಚೆನ್ನಾಗಿ ಗೊತ್ತು. ಹೇಳುವುದಿಲ್ಲ.

ಈ ಸಲ ಕನಕಪುರ ರಸ್ತೆಯ ಫ್ಲ್ಯಾಟಿಗೆ ಸೋದರಳಿಯ ಮಾವನಿಗೆ ಹೇಳದೆ ಇನ್‌ಸ್ಪೆಕ್ಷನ್ ಹುಡುಗಿಯೊಬ್ಬಳನ್ನೂ ಕರೆಸಿದ್ದ. ಸಿವಿಲ್ ಎಂಜಿನಿಯರ್. ಬೆನ್ನಿಗೊಂದು ಬ್ಯಾಗು, ಕೈಯಲ್ಲೊಂದು ಖಾಲಿ ಬಕೆಟ್.

“ಎಷ್ಟು ವರ್ಷದ ಸರ್ವೀಸಮ್ಮ ನಿಂದು?”

“ನಾಲ್ಕು ವರ್ಷ ಸಾರ್.”

“ಹಾಂ” ಅಂದರು ಮಾವ, ಸಾಲದ ಅರ್ಜಿಯನ್ನು ಪಕ್ಕಕ್ಕಿಡುವ ಧ್ವನಿಯಲ್ಲಿ.

ಆಕೆ ಹೆಚ್ಚು ಮಾತಾಡಲಿಲ್ಲ. ತುದಿಯಲ್ಲಿ ಉಕ್ಕಿನ ಗುಂಡಿದ್ದ ಕೋಲೊಂದನ್ನು ಉದ್ದ ಎಳೆದು ಒಂದೊಂದೇ ಟೈಲ್ ತಟ್ಟುತ್ತಾ ಹೋದಳು. ಟೊಳ್ಳು ಸದ್ದು ಬಂದಲ್ಲೆಲ್ಲ ನೀಲಿ ಟೇಪಿನ ಚೂರು. ಹಾಲ್ ಒಂದರಲ್ಲೇ ಹನ್ನೊಂದು ಚೂರು ಬಿತ್ತು. ಬಚ್ಚಲಲ್ಲಿ ಬಕೆಟ್ ತುಂಬಿಸಿ ನೀರು ಸುರಿದಳು. ನೀರು ಜಾಲರಿಯ ಕಡೆ ಹೋಗುವುದು ಬಿಟ್ಟು ನಿಧಾನವಾಗಿ ಬಾಗಿಲಿಗೆ ಬಂದು ಮಾವನ ಕಾಲ್ಬೆರಳು ಮುಟ್ಟಿತು. ಮಾರಾಟದ ಹುಡುಗ, “ಹೊಸಾ ಬಾತ್‌ರೂಮ್ ಅಲ್ವಾ ಸಾರ್, ನೀರಿಗಿನ್ನೂ ದಾರಿ ಗೊತ್ತಿಲ್ಲ” ಅಂದ. ಗೀಸರಿನ ಸಾಕೆಟ್ಟಿಗೆ ಮೂರು ದೀಪದ ಟೆಸ್ಟರ್ ಚುಚ್ಚಿದರೆ ಅರ್ಥಿಂಗ್ ಇಲ್ಲ ಅಂತ ತೋರಿಸಿತು. ಮೂರನೇ ತೂತು ಬರೀ ಅಲಂಕಾರ.

ಮಲಗುವ ಕೋಣೆಯಲ್ಲಿ, ಬಚ್ಚಲಿಗೆ ಒತ್ತಿಕೊಂಡ ಗೋಡೆಗೆ ಥರ್ಮಲ್ ಕ್ಯಾಮೆರಾ ಹಿಡಿದಳು. ಬರಿಗಣ್ಣಿಗೆ ನುಣ್ಣಗಿದ್ದ ಗೋಡೆಯಲ್ಲಿ ಸ್ಕರ್ಟಿಂಗ್ ಮೇಲೆ ಮೊಳದೆತ್ತರಕ್ಕೆ ನೀಲಿ ಹರಡಿಕೊಂಡಿತ್ತು. ಮಾವನಿಗೆ ತಡೆಯಲಾಗಲಿಲ್ಲ.

“ಒಳಗಿನ ಪೈಪು ಕಾಣತ್ತೇನಮ್ಮ ಇದ್ರಲ್ಲಿ?”

“ಇಲ್ಲ ಸಾರ್. ಗೋಡೆ ಮೇಲಿನ ಬಿಸಿ ತಂಪು ಅಷ್ಟೇ. ತಂಪಿದೆ ಅಂದ್ರೆ ಒದ್ದೆ ಇರಬಹುದು, ಇಲ್ಲದೆಯೂ ಇರಬಹುದು. ಅದಕ್ಕೇ ಇದು” ಎಂದು ತೇವದ ಮೀಟರಿನ ಎರಡು ಮುಳ್ಳು ಒತ್ತಿದಳು. ಅದು ಕುಂಯ್ ಎಂದಿತು.

‘ಇರಬಹುದು, ಇಲ್ಲದೆಯೂ ಇರಬಹುದು.’ ಬಲ್ಲವರು ಹೀಗೂ ಮಾತಾಡುತ್ತಾರೆಂದು ಮಾವನಿಗೆ ಆವತ್ತೇ ತಿಳಿದದ್ದು.

ಮೂರನೇ ದಿನ ವರದಿ ಬಂತು. ಕೋಣೆವಾರು ಫೋಟೋ, ತಾರೀಖು. ಕೊನೆಯ ಕಂತು ಇನ್ನೂ ತನ್ನ ಕೈಯಲ್ಲಿದ್ದಾಗಲೇ ಸೋದರಳಿಯ ಅದನ್ನು ಪತ್ರಕ್ಕೆ ಲಗತ್ತಿಸಿ ಬಿಲ್ಡರಿಗೆ ಕಳಿಸಿದ. ಕೀಲಿ ಕೈಗೆ ಬಂದ ಮೇಲೂ ದಾರಿ ಇದೆ: 2016ರ ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ, ಸ್ವಾಧೀನ ಪಡೆದ 5 ವರ್ಷದೊಳಗೆ ಕಟ್ಟಡದ ರಚನೆಯ ಅಥವಾ ಕೆಲಸದ ದೋಷವನ್ನು ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ತಿಳಿಸುವುದಕ್ಕೆ ಕಾಗದ ಬೇಕು. ಮಾವನ ಬೆರಳಗೆಣ್ಣು ಎಷ್ಟೇ ಅನುಭವಿಯಾದರೂ ಪತ್ರಕ್ಕೆ ಲಗತ್ತಿಸಲು ಬರುವುದಿಲ್ಲ.

ಮಾವ ವರದಿಯನ್ನು ಕನ್ನಡಕ ಒರೆಸಿಕೊಂಡು ಮೊದಲಿಂದ ಕಡೆಯವರೆಗೆ ಓದಿದರು. “ಎಲ್ಲಾ ಸರಿ, ಕ್ಯೂರಿಂಗ್ ಬಗ್ಗೆ ಒಂದು ಮಾತಿಲ್ವಲ್ಲೋ!” ಗೃಹಪ್ರವೇಶದ ದಿನ ಮಾತ್ರ, ಒಡೆಸಿ ಸರಿಮಾಡಿಸಿದ ಬಚ್ಚಲ ಎದುರೇ ಕುರ್ಚಿ ಹಾಕಿಸಿಕೊಂಡು ಬಂದವರಿಗೆಲ್ಲ, “ನಾನು ಆವತ್ತೇ ತಟ್ಟಿ ಹೇಳಿದ್ದೆ” ಅಂದರು. ಯಾರೂ ಅಲ್ಲ ಅನ್ನಲಿಲ್ಲ. ಎಲೆ ಹಾಕುವ ಹೊತ್ತಾಗಿತ್ತು.

ಈಗ ಅವರೇ ಆನ್‌ಲೈನಿನಲ್ಲಿ ಒಂದು ತೇವದ ಮೀಟರ್ ತರಿಸಿದ್ದಾರೆ. ಅತ್ತೆ ತಾರಸಿಯಲ್ಲಿ ಒಣಗಲು ಇಟ್ಟ ಸಂಡಿಗೆಗೆ ಚುಚ್ಚಿ “ಇನ್ನೆರಡು ಬಿಸಿಲು ಬೇಕು” ಅಂದು ಬೈಸಿಕೊಂಡಿದ್ದೂ ಆಗಿದೆ. ಮುಂದಿನ ಭಾನುವಾರ ಹೆಬ್ಬಾಳ, ಅದರ ಮುಂದಿನದು ಯಲಹಂಕ. ಫೀಸು ಏನೂ ಇಲ್ಲ; ಮುಂದಿನ ಸೀಟು, ದಾರಿಯಲ್ಲೊಂದು ಮಸಾಲೆದೋಸೆ, ಕಾಫಿ. ಮೀಟರಿನ ಬ್ಯಾಟರಿ ಮಾತ್ರ ಮನೆ ಕೊಳ್ಳುವವರೇ ತರಬೇಕು.