ಮಾತಿಗೊಂದು ಸಿಂಬೆ

ಪಕ್ಕದ ಊರಿನವರು ಭಾಷಣಕ್ಕೆ ಕರೆದಿದ್ದರು. ಹೋದೆ, ಮಾತಾಡಿದೆ, ಶಾಲು ಹೊದ್ದು ಬಂದೆ. ಅಷ್ಟಕ್ಕೆ ಮುಗಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ‘ಹೋಗಿಬಂದ ಖರ್ಚು ಬರೆದು ಕಳಿಸಿ ಸಾರ್’ ಎಂದರು. ಬಸ್ ಟಿಕೆಟ್ ಪುಣ್ಯಕ್ಕೆ ಜೇಬಿನಲ್ಲಿತ್ತು. ಬಸ್‌ಸ್ಟ್ಯಾಂಡಿನಿಂದ ಸಭಾಂಗಣಕ್ಕೆ ಆಟೋ ಬಾಡಿಗೆ, ಹೋಗಿಬಂದದ್ದು ಸೇರಿ 180 ರೂಪಾಯಿ ಎಂದು ಒಂದು ಹಾಳೆಯಲ್ಲಿ ಬರೆದು ಅಂಟಿಸಿದೆ. ವಾರ ಕಳೆದ ಮೇಲೆ ಹಾಳೆ ವಾಪಸು ಬಂತು. ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ, ಒಂದೇ ಒಂದು ಇಂಗ್ಲಿಷ್ ಪದ.

‘ಸಬ್‌ಸ್ಟ’ ಎಂಬಲ್ಲಿಯವರೆಗೆ ಅಕ್ಷರ ಸ್ಪಷ್ಟ. ಅಲ್ಲಿಂದ ಮುಂದೆ ಇರುವೆ ಸಾಲು. ಸಬ್‌ಸ್ಟಿಟ್ಯೂಟ್ ಇರಬೇಕು, ಹಾಳೆ ಬದಲಾಯಿಸಿ ಎನ್ನುತ್ತಿದ್ದಾರೆ ಎಂದುಕೊಂಡೆ. ನನ್ನ ಕೈಬರಹದ ಬಗ್ಗೆ ಮನೆಯಲ್ಲೂ ದೂರುಗಳಿವೆ. ಹಾಗಾಗಿ ಅದೇ 180 ರೂಪಾಯಿಯನ್ನು ಹೊಸ ಹಾಳೆಯಲ್ಲಿ, ಮದುವೆಯ ಲಗ್ನಪತ್ರಿಕೆಯಷ್ಟು ಮುದ್ದಾಗಿ ಬರೆದು ಕಳಿಸಿದೆ. ಅದೂ ತಿರುಗಿ ಬಂತು. ಈ ಸಲ ಪದದ ಕೆಳಗೆ ಎರಡು ಗೆರೆ. ಕನ್ನಡಕ ಏರಿಸಿ ನೋಡಿದರೆ, ಸಬ್‌ಸ್ಟ್ಯಾನ್ಶಿಯೇಟ್.

ಪದ ಗೊತ್ತಿಲ್ಲ ಎಂದಲ್ಲ. ಗೊತ್ತಿದೆ ಎಂಬ ಧೈರ್ಯದ ಮೇಲೆ ನಲವತ್ತು ವರ್ಷ ಅದರ ಅರ್ಥ ನೋಡದೆ ಬದುಕಿದ್ದೆ. ಎದ್ದು ನಿಘಂಟು ತೆಗೆದೆ. ಅಭ್ಯಾಸಬಲದಿಂದ ಕೈಗೆ ಬಂದದ್ದು ಕಿಟ್ಟೆಲ್ ಅವರದು. 1894ರ ಆ ಮಹಾಗ್ರಂಥದಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗಬಹುದೇ ಹೊರತು ಇಂಗ್ಲಿಷಿನಿಂದ ಕನ್ನಡಕ್ಕೆ ಬರಲು ದಾರಿಯಿಲ್ಲ. ಅದು ನೆನಪಾಗುವ ಹೊತ್ತಿಗೆ ನಾನು ಗಾದೆಗಳಲ್ಲಿ ಸಿಕ್ಕಿಬಿದ್ದು ಅರ್ಧ ಗಂಟೆಯಾಗಿತ್ತು. ಕಿಟ್ಟೆಲ್ ಅವರ ಕ್ರಮವೇ ಹಾಗೆ. ಅರ್ಥ ಹೇಳಿ ಸುಮ್ಮನಾಗುವುದಿಲ್ಲ. ಕಾವ್ಯದಲ್ಲಿ ಇಲ್ಲಿದೆ, ಗಾದೆಯಲ್ಲಿ ಹೀಗಿದೆ ಎಂದು ಸಾಕ್ಷಿ ಹಾಜರುಪಡಿಸುತ್ತಾರೆ. ನನ್ನ ಹಾಳೆಯ ಮೇಲೆ ಗೆರೆ ಎಳೆದವರು ಅವರ ನಿಘಂಟನ್ನು ಮಾತ್ರ ಒಂದೇ ಏಟಿಗೆ ಪಾಸು ಮಾಡುತ್ತಿದ್ದರು.

ಕೊನೆಗೆ ಸರಿಯಾದ ನಿಘಂಟು ಸಿಕ್ಕಿತು. ಈ ಪದದ ಹಿರೀಕರು ಲ್ಯಾಟಿನ್ನಿನವರು. ‘ಸಬ್’ ಎಂದರೆ ಕೆಳಗೆ, ‘ಸ್ಟಾರೆ’ ಎಂದರೆ ನಿಲ್ಲು. ಎರಡೂ ಕೂಡಿ ‘ಸಬ್‌ಸ್ಟಾನ್ಷಿಯಾ’, ಅಂದರೆ ಕೆಳಗೆ ನಿಂತದ್ದು. ಇಂಗ್ಲಿಷಿನ ಸಬ್‌ಸ್ಟೆನ್ಸ್ ಹುಟ್ಟಿದ್ದು ಅದರಿಂದ. ನಮ್ಮ ಕ್ರಿಯಾಪದ 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಕಾಲಿಟ್ಟಾಗ ಅದಕ್ಕೆ ಸಾಕ್ಷಿ-ಪುರಾವೆಯ ರಗಳೆ ಇರಲಿಲ್ಲ. ಹುರುಳು ತುಂಬು, ಇಲ್ಲದ್ದನ್ನು ಇರುವಂತೆ ಮಾಡು ಎಂದಷ್ಟೇ ಅರ್ಥ. ಸಾಬೀತುಪಡಿಸು ಎಂಬ ಕಟ್ಟುನಿಟ್ಟು ಅದಕ್ಕೆ ಬಂದದ್ದು 19ನೆಯ ಶತಮಾನದ ಹೊತ್ತಿಗೆ. ಇನ್ನೂರು ವರ್ಷ ಮೊದಲು ಹುಟ್ಟಿದ್ದರೆ ನನ್ನ ಬಿಲ್ಲು ಪಾಸಾಗುತ್ತಿತ್ತೇನೋ. ಆದರೆ ಆಗ ಆಟೋ ಇರಲಿಲ್ಲ.

ಇನ್ನೊಂದು ಸಮಾಧಾನ: ಸಬ್‌ಸ್ಟಿಟ್ಯೂಟ್ ಕೂಡ ಇದೇ ‘ಸಬ್’ ಮತ್ತು ಇದೇ ‘ನಿಲ್ಲು’ ಸೇರಿ ಆದದ್ದು. ನಾನು ತಪ್ಪಿದ್ದೇನೋ ನಿಜ, ಆದರೆ ದಾಯಾದಿಗಳ ಮನೆಯೊಳಗೇ ತಪ್ಪಿದೆ. ಆ ‘ಸ್ಟಾರೆ’ಗೂ ಸಂಸ್ಕೃತದ ‘ಸ್ಥಾ’ ಧಾತುವಿಗೂ ಒಂದೇ ಬೇರು. ನಮ್ಮ ಸ್ಥಾನ, ಸ್ಥಿತಿ, ಸ್ಥಾವರಗಳೆಲ್ಲ ಆ ಬಳಗ. ನಾನು ಆಟೋ ಹತ್ತಿದ ಬಸ್‌ಸ್ಟ್ಯಾಂಡಿನ ಸ್ಟ್ಯಾಂಡ್ ಕೂಡ!

ಸಂಬಂಧವೇ ಇಲ್ಲದ ಅರಬ್ಬಿಯಿಂದ ಬಂದ ‘ಸಾಬೀತು’ ಪದದ ಮೂಲದಲ್ಲೂ ಗಟ್ಟಿಯಾಗಿ, ಅಲುಗದೆ ಇರುವುದು ಎಂಬ ಅರ್ಥವಿದೆ. ಈ ಪದಗಳ ಹಂಗೇ ಇಲ್ಲದೆ ನಮ್ಮ ಕೋರ್ಟಿನ ಕಟ್ಟೆಯ ಮೇಲೆ ಕೂತವರೂ ಅದನ್ನೇ ಹೇಳುತ್ತಾರೆ: ‘ಈ ಕೇಸು ನಿಲ್ಲಲ್ಲ ಕಣ್ರೀ’.

ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಹುಳಿಯ ಪಾತ್ರೆ ಇಳಿಸುತ್ತಿದ್ದಳು. ‘ಮೊದಲು ಆ ಸಿಂಬೆ ಕೊಡಿ’ ಎಂದಳು. ಕೊಟ್ಟೆ. ತಳ ಗುಂಡಗಿದ್ದ ಪಾತ್ರೆ ಒಮ್ಮೆ ಓಲಾಡಿ, ಸಿಂಬೆಯ ಮೇಲೆ ಕೂತು ಸುಮ್ಮನಾಯಿತು. ಮೂರು ನಿಘಂಟು ತಿರುವಿದ ನನಗೆ ಪದದ ಅರ್ಥ ಸಿಕ್ಕಿದ್ದು ಅಲ್ಲಿ. ಎಲ್ಲರ ಮಾತಿನ ತಳವೂ ಗುಂಡಗೇ ಇರುತ್ತದೆ. ಪಾತ್ರೆಯಲ್ಲಿರುವ ಹುಳಿ ಎಷ್ಟೇ ಒಳ್ಳೆಯದಿರಲಿ, ಕೆಳಗೊಂದು ಸುರುಳಿ ಬೇಕು. ಊಟಕ್ಕೆ ಕೂತವರು ಯಾರೂ ಸಿಂಬೆಯನ್ನು ಹೊಗಳುವುದಿಲ್ಲ. ಅದಿಲ್ಲದ ದಿನ ಮಾತ್ರ ನೆಲವೆಲ್ಲ ಹುಳಿ.

ಆದರೆ ನನ್ನ ಆಟೋಗೆ ಸಿಂಬೆ ಎಲ್ಲಿಂದ ತರಲಿ? ನಮ್ಮೂರ ಕಡೆಯ ಆಟೋದವರು ರಸೀದಿ ಕೇಳಿದರೆ, ಹೆಣ್ಣು ಕೇಳಿದಂತೆ ನೋಡುತ್ತಾರೆ. ಕೊನೆಗೆ ನಾನೇ ಅವರ ಕಚೇರಿಗೆ ಹೋದೆ. ಲೆಕ್ಕದ ವಿಭಾಗ ಎರಡನೇ ಮಹಡಿಯಲ್ಲಿ, ಲಿಫ್ಟು ಕೆಟ್ಟಿತ್ತು. ಕೆಂಪು ಶಾಯಿಯ ಹುಡುಗ ಬಹಳ ವಿನಯವಂತ. ‘ಬೇಜಾರು ಮಾಡ್ಕೋಬೇಡಿ ಸಾರ್. ದೂರ ಬರೀ ಎರಡು ಕಿಲೋಮೀಟರ್. ನೀವು ನಡೆದುಕೊಂಡು ಹೋಗಿಲ್ಲ ಅನ್ನೋಕೆ ಏನಾದ್ರೂ ಆಧಾರ ಬೇಕಲ್ವಾ?’ ಎಂದ.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಲ್ಯಾಟಿನ್, ಸಂಸ್ಕೃತ, ಅರಬ್ಬಿ ಎಲ್ಲ ಗಂಟಲಲ್ಲೇ ಉಳಿದವು. ಒಂದು ಕೈ ಅವನ ಮೇಜಿನ ಮೇಲೆ, ಇನ್ನೊಂದು ಮಂಡಿಯ ಮೇಲೆ ಊರಿ ನಾನು ತಿದಿಯಂತೆ ಏದುಸಿರು ಬಿಡುತ್ತಿದ್ದೆ. ಹುಡುಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕುರ್ಚಿ ಎಳೆದು ಕೂರಿಸಿದ, ನೀರು ಕೊಟ್ಟ. ಆಮೇಲೆ ಬೇರೇನೂ ಕೇಳದೆ ಬಿಲ್ಲಿಗೆ ಸಹಿ ಹಾಕಿದ.

ನನಗೆ ನಿಲ್ಲಲಾಗಲಿಲ್ಲ ನೋಡಿ, ಅದಕ್ಕೇ ನನ್ನ ಮಾತು ನಿಂತಿತು.