ಬಿಸಿಲೂರಿನ ಬಿಸಿನೀರು

ಸಿಂಧನೂರಿನಲ್ಲಿ ನೀರು ಕಾಯಿಸಲು ದುಡ್ಡು ಕೊಡುವುದೇ? ಏಪ್ರಿಲ್‌ನಲ್ಲಿ ಮಾಳಿಗೆ ಟ್ಯಾಂಕಿನ ನಲ್ಲಿ ತಿರುಗಿಸಿದರೆ ಚಹಾಪುಡಿ ಹಾಕುವುದಷ್ಟೇ ಬಾಕಿ. ತಣ್ಣೀರು ಬೇಕಾದವರು ರಾತ್ರಿಯೇ ಬಕೆಟ್ ತುಂಬಿಡಬೇಕು. ಡಿಸೆಂಬರ್ ಬಂದರೆ ಮಾತ್ರ ಇದೇ ಶೂರರು ಬಚ್ಚಲಲ್ಲಿ ಗಡಗಡ!

ಅವರಿಗಾಗಿ ಹೀಟ್ ಪಂಪ್ ಬಂದಿದೆ. ಫ್ರಿಜ್ಜಿನ ಕೆಲಸವನ್ನೇ ಉಲ್ಟಾ ಮಾಡಿ, ಗಾಳಿಯ ಶಾಖ ಎಳೆದು ನೀರಿಗೆ ತುಂಬುತ್ತದೆ. 100 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಗೀಸರ್‌ಗೆ ಸುಮಾರು 3.5 ಯೂನಿಟ್ ಕರೆಂಟು ಬೇಕು; ಇದಕ್ಕೆ ಅದರ ಮೂರನೇ ಒಂದು ಪಾಲು ಸಾಕು. ಗಾಳಿ ಬಿಸಿಯಿದ್ದಷ್ಟೂ ಹುರುಪು ಹೆಚ್ಚು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನಕ್ಕೆ ನೆಲ ಅಗೆಯಬೇಕು. ಶಾಖವಾದರೋ ಹೊಸ್ತಿಲಲ್ಲೇ ಪುಕ್ಕಟೆ ಬಿದ್ದಿದೆ. ಯಂತ್ರ ಹೊರಬಿಡುವುದು ತಣ್ಣನೆ ಗಾಳಿ. ಮೇ ತಿಂಗಳಲ್ಲಿ ಸ್ನಾನ ಬಿಟ್ಟು ಅದರ ಮುಂದೆಯೇ ಕೂತಾರು ನಮ್ಮ ಮಂದಿ!

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಹೆಸರನ್ನು 1915ರಲ್ಲೂ ಓದಲಿಕ್ಕೆ ಬಂತು. ವಾರಂಟಿ ಕಾರ್ಡಿನ ಅಕ್ಷರ ಅಷ್ಟು ಬಾಳುವುದಿಲ್ಲ, ಅಂಗಡಿಯಲ್ಲೇ ಓದಿರಿ. ಬೋರಿನ ಗಡಸು ನೀರಿಗೆ ಟ್ಯಾಂಕು ತಡೆಯುತ್ತದೆಯೇ, ಕೇಳಿರಿ. ಗಾಳಿಯಾಡುವ ಜಾಗದಲ್ಲೇ ಕೂರಿಸಿರಿ. ಬೆಲೆ ಗೀಸರ್‌ಗಿಂತ ಬಹಳ ಹೆಚ್ಚು. ಹಾಸ್ಟೆಲ್, ಲಾಡ್ಜು, ದೊಡ್ಡ ಕುಟುಂಬಕ್ಕೆ ಸರಿ. ಗಂಡ-ಹೆಂಡತಿ ಇಬ್ಬರೇ ಇದ್ದು ಮಾಳಿಗೆ ಸ್ವಂತದ್ದಾದರೆ ಸೋಲಾರೇ ಸಾಕು.