ಬೆಂಗಳೂರು ಚಳಿ (ದಕ್ಷಿಣ ಮಾದರಿ): ಬಳಕೆದಾರರ ಕೈಪಿಡಿ

ಬಳಸುವ ಮುನ್ನ ಪೂರ್ತಿ ಓದಿ

ಅಭಿನಂದನೆಗಳು! ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್, ಇವುಗಳಲ್ಲಿ ನಿಮ್ಮ ಮನೆ ಎಲ್ಲೇ ಇರಲಿ, ಸ್ವಂತದ್ದಿರಲಿ ಬಾಡಿಗೆಯದಿರಲಿ, ನವೆಂಬರ್ ಮುಗಿಯುವ ಹೊತ್ತಿಗೆ ಬಾಗಿಲಿಗೆ ಒಂದು ಚಳಿ ಬಂದು ಬೀಳುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಓಟಿಪಿ ಹೇಳಬೇಕಾಗಿಲ್ಲ. ಆದರೆ ಜೊತೆಗೊಂದು ಕೈಪಿಡಿ ಮಾತ್ರ ಬರುವುದಿಲ್ಲ. ಆ ಕೊರತೆ ನೀಗಲೆಂದು ಇದನ್ನು ಬರೆದಿದ್ದೇನೆ.

ಬರೆಯಲು ನೀನ್ಯಾರಪ್ಪ ಎಂದು ಕೇಳಿದರೆ: ನಾನು ಲ್ಯಾಬುಗಳ ಸೂಕ್ಷ್ಮ ತಕ್ಕಡಿಗಳನ್ನು ರಿಪೇರಿ ಮಾಡುವ ಸರ್ವೀಸ್ ಎಂಜಿನಿಯರ್. ಔಷಧ ಕಾರ್ಖಾನೆಯವರು ‘ತಕ್ಕಡಿ ಕೆಟ್ಟಿದೆ, ಅಂಕಿ ಕುಣೀತಿದೆ, ಬೇಗ ಬನ್ನಿ’ ಎಂದಾಗ ವಿಮಾನ ಹತ್ತುತ್ತೇನೆ. ಹೋಗಿ ನೋಡಿದರೆ ತಕ್ಕಡಿಗೆ ಫ್ಯಾನಿನ ಗಾಳಿ ಹೊಡೆಯುತ್ತಿರುತ್ತದೆ. ಗಾಳಿ ಬಾರದ ಕಡೆ ಇಡಿ ಎಂದು ಕೈಪಿಡಿಯ ಮೂರನೇ ಪುಟದಲ್ಲೇ ಅಚ್ಚಾಗಿರುತ್ತದೆ. ಇಪ್ಪತ್ತು ವರ್ಷದಿಂದ, ಬೇರೆಯವರು ಓದದೆ ಬಿಟ್ಟ ಮೂರನೇ ಪುಟವನ್ನು ಅವರಿಗೇ ಓದಿ ಹೇಳಿ ಸಂಬಳ ಎಣಿಸುತ್ತಿದ್ದೇನೆ. ನನ್ನ ಬ್ಯಾಗಿನಲ್ಲಿ ತೂಕದ ಬಟ್ಟುಗಳ ಡಬ್ಬಿಯ ಪಕ್ಕಕ್ಕೆ ಒಂದು ಕ್ಯಾಮೆರಾ ಇರುತ್ತದೆ. ಅದು ಕಂಪನಿಯದಲ್ಲ.

ತಾಂತ್ರಿಕ ವಿವರ

ಎತ್ತರ: ಸಮುದ್ರಮಟ್ಟದಿಂದ ಸುಮಾರು 900 ಮೀಟರ್. ನಮಗೆ ಚಳಿ ಸಿಕ್ಕಿರುವುದೇ ಈ ಎತ್ತರದ ದೆಸೆಯಿಂದ. ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿ ಕಡಲ ಮಗ್ಗುಲಿಗಿರುವ ಚೆನ್ನೈಗೆ ಈ ಮಾದರಿಯನ್ನು ಬಿಡುಗಡೆ ಮಾಡಿಲ್ಲ.

ತಾಪಮಾನ: ಜನವರಿಯ ರಾತ್ರಿಗಳಲ್ಲಿ 15–16 ಡಿಗ್ರಿ ಆಸುಪಾಸು. ಗರಿಷ್ಠ ಸಾಮರ್ಥ್ಯ: 1884ರ ಜನವರಿ 13ರಂದು 7.8 ಡಿಗ್ರಿ. ಆಮೇಲೆ ಅಷ್ಟು ಜೋರಾಗಿ ಓಡಿಸಿದ ದಾಖಲೆಯಿಲ್ಲ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಹಾಗಾಗಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ‘ಇದೆಂಥ ಚಳಿ, ನಮ್ಮ ಕಾಲದ ಚಳಿ ನೋಡಬೇಕಿತ್ತು’ ಎನ್ನುವ ಹಿರಿಯರೂ ಫುಲ್ ಸ್ಪೀಡು ಕಂಡವರಲ್ಲ.

ಬಾಳಿಕೆ: ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಿಂದ ಶಿವರಾತ್ರಿಯವರೆಗೆ. ನಡುವೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಾಲ್ಕು ದಿನ ಜಡಿಮಳೆ. ಅದನ್ನು ಸರ್ವೀಸ್ ಎಂದು ತಿಳಿಯಿರಿ.

ಚಾಲೂ ಆಗಿದೆಯೇ ಎಂದು ಪರೀಕ್ಷಿಸುವುದು

ಹವಾಮಾನ ಇಲಾಖೆಯ ಅಂಕಿಗೆ ಕಾಯಬೇಡಿ. ಬಚ್ಚಲಮನೆಯ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆಯ ಬಾಟಲಿ ನೋಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ನಮ್ಮ ಮನೆಯದು ಗಾಣದ ಎಣ್ಣೆ, ಗಾಜಿನ ಬಾಟಲಿ. ಅಳತೆ ಸ್ಪಷ್ಟವಾಗಿ ಕಾಣುತ್ತದೆ.

ತಳದಲ್ಲಿ ಬಿಳಿ ಮೋಡ ಕಟ್ಟಿದೆ: ನವೆಂಬರ್ ಕೊನೆ. ಬಾಟಲಿ ಬೋರಲು ಹಾಕಿದರೂ ಎಣ್ಣೆ ಜಗ್ಗುವುದಿಲ್ಲ: ಡಿಸೆಂಬರ್. ಅಮ್ಮ ಚಮಚದ ಹಿಡಿಯನ್ನು ಬಾಟಲಿಯೊಳಗೆ ತೂರಿಸಿ, ಬೆಣ್ಣೆಯ ಹಾಗೆ ಕೆತ್ತಿ ತೆಗೆಯುತ್ತಿದ್ದಾಳೆ: ಧನುರ್ಮಾಸ, ಯಂತ್ರ ಪೂರ್ತಿ ಚಾಲೂ.

ಜೋಡಣೆ

1. ಅಟ್ಟದಿಂದ ಸ್ವೆಟರ್ ಇಳಿಸಿ. ನುಸಿಗುಳಿಗೆಯ ವಾಸನೆ ಒಂದು ವಾರ ಇರುತ್ತದೆ. ಆ ವಾರ ಆಫೀಸಿನ ಲಿಫ್ಟಿನಲ್ಲಿ ನಿಮಗೆ ಧಾರಾಳ ಜಾಗ ಸಿಗುತ್ತದೆ.

2. ಅರವತ್ತು ದಾಟಿದವರಿಗೆ ಮಂಕಿ ಕ್ಯಾಪ್ ಅಳವಡಿಸಿ. ಬೆಳಗಿನ ವಾಕಿಂಗಿಗೆ ಮಂಕಿ ಕ್ಯಾಪ್, ಮಫ್ಲರ್, ತುಂಬುತೋಳಿನ ಸ್ವೆಟರ್. ಸೊಂಟದಿಂದ ಕೆಳಗೆ ಅರ್ಧಚಡ್ಡಿ, ಹವಾಯಿ ಚಪ್ಪಲಿ. ಮೇಲ್ಭಾಗ ಕಾಶ್ಮೀರ, ಕೆಳಭಾಗ ಮಂಗಳೂರು. ಇದು ದೋಷವಲ್ಲ, ಕಂಪನಿ ಫಿಟಿಂಗ್.

3. ಅವರೆಕಾಯಿ ತನ್ನಿ. ಮೂಸಿ ನೋಡಿ ಕೊಳ್ಳಿ. ಇಬ್ಬನಿ ಬಿದ್ದ ಹೊಲದ ಕಾಯಿಗೇ ಸೊಗಡು ಎನ್ನುತ್ತಾರೆ ಮಾರುವವರು. ಬಿಡಿಸಿ, ಕಾಳು ನೆನೆಹಾಕಿ, ಊಟವಾದ ಮೇಲೆ ಮನೆಮಂದಿಯೆಲ್ಲ ಸುತ್ತ ಕೂತು ಒಂದೊಂದೇ ಹಿಸುಕಿ. ಬೇಳೆ ಪುಳಕ್ಕನೆ ಹಾರಿ ಟಿವಿ ಸ್ಟ್ಯಾಂಡಿನ ಕೆಳಗೆ ಹೋಗುತ್ತದೆ. ಶಿವರಾತ್ರಿಗೆ ಗುಡಿಸುವಾಗ ಸಿಗುತ್ತದೆ. ಎಚ್ಚರಿಕೆ: ಹಿಸುಕುವವರ ಫೋಟೊ ತೆಗೆಯಲು ಎದ್ದವರಿಗೆ ನಮ್ಮ ಮನೆಯಲ್ಲಿ ಮಾರನೆಯ ದಿನ ಹಿತಕಿದ ಬೇಳೆ ಸಾರು ಅರ್ಧ ಸೌಟು ಮಾತ್ರ.

ಬೆಳಕನ್ನು ಹೊಂದಿಸಿಕೊಳ್ಳುವುದು

ಡಿಸೆಂಬರ್ 21–22 ಕಳೆದರೆ ಹಗಲು ಬೆಳೆಯುತ್ತದೆ ಎಂದು ಶಾಲೆಯಲ್ಲಿ ಕಲಿತಿರುತ್ತೀರಿ. ಬೆಳೆಯುವುದು ನಿಜ, ಆದರೆ ಸಂಜೆಯ ತುದಿಯಲ್ಲಿ ಮಾತ್ರ. ಬೆಂಗಳೂರಿನಲ್ಲಿ ಸೂರ್ಯ ಜನವರಿ ಕೊನೆಯ ವಾರದವರೆಗೂ ದಿನದಿಂದ ದಿನಕ್ಕೆ ತಡವಾಗಿ ಏಳುತ್ತಾನೆ. ಡಿಸೆಂಬರ್ ಮೂರನೇ ವಾರ ಸುಮಾರು 6:37ಕ್ಕೆ ಎದ್ದವನು ಜನವರಿ ಕೊನೆಯ ವಾರ 6:46ಕ್ಕೆ. ಸೋಮಾರಿ ಹವ್ಯಾಸಿ ಛಾಯಾಗ್ರಾಹಕನಿಗೆ ಪ್ರಕೃತಿಯೇ ಕೊಟ್ಟ ಒಂಬತ್ತು ನಿಮಿಷದ ರಿಯಾಯಿತಿ. ಅಲ್ಲಿಂದ ಎಂಟು ಗಂಟೆಯವರೆಗೆ ಬೆಳಕು ಅಡ್ಡಡ್ಡ ಬಿದ್ದಿರುತ್ತದೆ. ಸೈಕಲ್ಲಿನ ಮೇಲೆ ಹೂವು ಮಾರುವವರ ನೆರಳು ಬೀದಿಯ ಈ ತುದಿಯಿಂದ ಆ ತುದಿಗೆ ಚಾಚಿರುತ್ತದೆ.

ಅಭ್ಯಾಸಕ್ಕೆ ಜಾಗಗಳು: ಜಯನಗರದ ಬೀದಿಗಳ ಗುಲಾಬಿ ಟಬೆಬೂಯಾ (ತವರು ಅಮೆರಿಕ ಖಂಡದ ಉಷ್ಣಪ್ರದೇಶ, ಈಗ ನಮ್ಮೂರಿನದೇ ಎನ್ನುವಷ್ಟು ಒಗ್ಗಿದೆ). ಮಡಿವಾಳ ಕೆರೆಯ ಹೆಜ್ಜಾರ್ಲೆಗಳು. ಬಿಟಿಎಂ ಎಂಬ ಮೂರಕ್ಷರದ ಕೊನೆಯ ‘ಎಂ’ ಈ ಮಡಿವಾಳವೇ, ಮೊದಲಿನವೆರಡು ಬೈರಸಂದ್ರ ಮತ್ತು ತಾವರೆಕೆರೆ. ಡಿಸೆಂಬರಿನಲ್ಲಿ ಹನುಮಜ್ಜಯಂತಿಯ ಸಡಗರದ ರಾಗಿಗುಡ್ಡ. ಗವಿಪುರದ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಬೆಳಕು ಒಳಗೆ ಹೋಗುತ್ತದೆ, ನೀವು ಹೋಗುವುದು ಕಷ್ಟ.

ಹವ್ಯಾಸಿ ಛಾಯಾಗ್ರಹಣಕ್ಕೆ ಈ ಊರು ಹೊಸತಲ್ಲ. ಯೂತ್ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಇಲ್ಲಿಯವರು. ಒಂದು ರೋಲಿಗೆ 36 ಫೋಟೊ ಸಿಗುತ್ತಿದ್ದ ಕಾಲ ಅವರದು. ಒತ್ತುವ ಮುಂಚೆ ಯೋಚಿಸುತ್ತಿದ್ದರು. ನಾನು ಹೋದ ವರ್ಷ ಒಂದೇ ಟಬೆಬೂಯಾ ಮರಕ್ಕೆ 140 ಸಲ ಒತ್ತಿ, ಆಮೇಲೆ ಯೋಚಿಸಿದೆ. 140ರಲ್ಲೂ ಕೇಬಲ್ ಟಿವಿ ತಂತಿ ಇದೆ.

ಪ್ರಯಾಣದಲ್ಲಿ ಬಳಕೆ

ಈ ಮಾದರಿಯಲ್ಲಿ ಒಂದು ದೊಡ್ಡ ದೋಷವಿದೆ, ಮುಚ್ಚಿಡುವುದಿಲ್ಲ. ಯಂತ್ರ ಚೆನ್ನಾಗಿ ಓಡುವುದು ಬೆಳಗ್ಗೆ ಎಂಟರೊಳಗೆ. ಆಫೀಸಿನವರು ಟಿಕೆಟ್ ಬುಕ್ ಮಾಡುವುದೂ ಅದೇ ಹೊತ್ತಿಗೆ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದಮೇಲೆ, ಆರು ಗಂಟೆಯ ವಿಮಾನಕ್ಕೆ ಬನಶಂಕರಿಯವನು ಮೂರೂಕಾಲಿಗೆ ಮನೆ ಬಿಡಬೇಕು. ಹೋದ ಜನವರಿಯಲ್ಲಿ ನನ್ನ ಮನೆಯ ಸೂರ್ಯೋದಯ ನನಗೆ ಸಿಕ್ಕಿದ್ದು ಹದಿಮೂರು ಸಲ. ಎಣಿಸಿ ಇಟ್ಟಿದ್ದೇನೆ, ತೂಕ ಅಳೆಯುವವನ ಚಾಳಿ.

ಕ್ಯಾಬಿನಲ್ಲಿ: ನಿಮ್ಮ ಉಸಿರು ತಾಗಿ ಗಾಜು ಮಂಜಾಗುತ್ತದೆ. ‘ಸಾರ್, ಏಸಿ ಹಾಕ್ಲಾ?’ ಎನ್ನುತ್ತಾನೆ ಚಾಲಕ. ‘ಈ ಚಳಿಲಿ ಏಸಿ ಯಾಕಪ್ಪಾ’ ಎನ್ನಬೇಡಿ. ಏಸಿ ಒಳಗಾಳಿಯ ತೇವ ಹೀರಿ ಗಾಜನ್ನು ತಿಳಿಮಾಡುತ್ತದೆ. ನಾನು ಒಮ್ಮೆ ಬೇಡವೆಂದೆ. ಅವನು ನಿನ್ನೆಯ ಪೇಪರಿನಲ್ಲಿ ಗಾಜು ಉಜ್ಜುತ್ತಾ ಸೌತ್ ಎಂಡ್ ಸರ್ಕಲ್ ದಾಟಿದ. ಅಲ್ಲೊಂದು ಅರ್ಧ ಕಟ್ಟಿದ ಕಟ್ಟಡದ ಮುಂದೆ ವಾಚ್‌ಮನ್ ರಟ್ಟಿನ ಪೆಟ್ಟಿಗೆ ಸುಟ್ಟು ಅಂಗೈ ಕಾಯಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಮೂರು ನಾಯಿಗಳು ಬೆಂಕಿಗೆ ಬೆನ್ನು ಕೊಟ್ಟು ಮಲಗಿದ್ದವು. ಒತ್ತಿದೆ. ಓಡುವ ಕಾರು, ಕತ್ತಲು, ನಡುಗುವ ಕೈ: ಬಂದದ್ದು ಕಿತ್ತಳೆ ಬಣ್ಣದ ಒಂದು ಗೀಟು. ನಾಯಿಗಳು ಮೂರು ಎಂಬುದು ಆ ಗೀಟಿನಲ್ಲಿ ನನಗೊಬ್ಬನಿಗೇ ಕಾಣುತ್ತದೆ.

ನಿಲ್ದಾಣದಲ್ಲಿ: ಆಕಾಶ ನಿರ್ಮಲವಾಗಿದ್ದು ಗಾಳಿ ನಿಂತ ರಾತ್ರಿ, ದೇವನಹಳ್ಳಿಯ ಬಯಲು ನೆಲ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿ ತಣಿದು ಬೆಳಗಿನ ಜಾವ ಮಂಜಾಗಿ ಏಳುತ್ತದೆ. ಬಿಸಿಲೇರಿದ ಮೇಲೆ ಕರಗುತ್ತದೆ. ಅಲ್ಲಿಯವರೆಗೆ ಬೋರ್ಡಿನ ತುಂಬ ‘ವಿಳಂಬ’. ಎಲ್ಲರೂ ಫೋನಿನಲ್ಲಿ ಸಿಡಿಮಿಡಿಗೊಳ್ಳುವಾಗ ಹವ್ಯಾಸಿ ಕ್ಯಾಮೆರಾ ತೆಗೆಯುತ್ತಾನೆ. ಸೂಚನೆ: ಮಂಜಿನ ಬಿಳುಪು ಕಂಡು ಕ್ಯಾಮೆರಾ ಬೆಚ್ಚಿ ಚಿತ್ರವನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಏರಿಸಿ. ಫ್ಲಾಶ್ ಬೇಡ, ಮಂಜಿನ ಹನಿಗಳೇ ಬೆಳಗಿ ಫೋಟೊಗೆ ಸಿಡುಬು ಎದ್ದಂತೆ ಕಾಣುತ್ತದೆ.

ತಪಾಸಣೆಯಲ್ಲಿ ನನ್ನ ಬ್ಯಾಗು ಯಾವಾಗಲೂ ಪಕ್ಕಕ್ಕೆ ಸರಿಯುತ್ತದೆ. ‘ಈ ಡಬ್ಬಿ ಏನು?’ ‘ತೂಕದ ಬಟ್ಟು.’ ‘ಎಷ್ಟಿದೆ?’ ‘ದೊಡ್ಡದು ಸರಿಯಾಗಿ ಇನ್ನೂರು ಗ್ರಾಂ.’ ಅಷ್ಟು ಖಚಿತವಾಗಿ ಉತ್ತರ ಕೊಡುವವರನ್ನು ಕಂಡರೆ ಅವರ ಅನುಮಾನ ಹೆಚ್ಚುತ್ತದೆ.

ವಿಮಾನದಲ್ಲಿ: ದಿಲ್ಲಿ ಕಡೆ ಹೊರಟರೆ ಬಲಗಡೆಯ ಕಿಟಕಿ ಹಿಡಿಯಿರಿ, ಸೂರ್ಯ ಅತ್ತಲೇ ಏಳುವುದು. ಲೆನ್ಸನ್ನು ಕಿಟಕಿಗೆ ಒತ್ತಬೇಡಿ, ವಿಮಾನದ ನಡುಕ ಫೋಟೊಗೂ ಬರುತ್ತದೆ. ಸ್ವೆಟರನ್ನು ಲೆನ್ಸಿನ ಸುತ್ತ ಗುಡಾರದಂತೆ ಕಟ್ಟಿದರೆ ಗಾಜಿನ ಮೇಲೆ ನಿಮ್ಮದೇ ಮುಖ ಮೂಡುವುದು ತಪ್ಪುತ್ತದೆ. ಪುಣೆಯಲ್ಲಿ ಇಳಿಯುವವರು ಕ್ಯಾಮೆರಾ ಒಳಗಿಡಿ. ಅದು ವಾಯುಪಡೆಯ ನೆಲೆ, ಫೋಟೊ ನಿಷಿದ್ಧ.

ಪರ ಊರಿನಲ್ಲಿ: ಬೆಂಗಳೂರಿನ ಸ್ವೆಟರ್ ಜನವರಿಯ ದಿಲ್ಲಿಯಲ್ಲಿ ಬನಿಯನ್ನಿಗೆ ಸಮ. ಹೊರಗಿನ ಚಳಿಯಿಂದ ಬಂದವನೇ ಹೀಟರ್ ಹಾಕಿದ ರೂಮಿನಲ್ಲಿ ಒಮ್ಮೆ ಕ್ಯಾಮೆರಾ ತೆರೆದೆ. ಲೆನ್ಸು ಎಳನೀರು ಕುಡಿದವರ ಮೀಸೆಯ ಹಾಗೆ ತೊಟ್ಟಿಕ್ಕಿತು. ಒಳಗೆ ಬರುವ ಮುಂಚೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಅರ್ಧ ಗಂಟೆ ಮುಟ್ಟದೆ ಇಡಬೇಕಿತ್ತು. ನೀರು ಆಗ ಚೀಲದ ಹೊರಮೈ ಮೇಲೆ ಕೂರುತ್ತದೆ.

ತೊಂದರೆ ಮತ್ತು ಪರಿಹಾರ

*ತುಟಿ ಒಡೆದಿದೆ.* ತುಪ್ಪ ಸವರಿ. ನಗಿಸುವವರಿಂದ ದೂರವಿರಿ.

*ಕ್ಯಾಮೆರಾ ಬ್ಯಾಟರಿ ಬೇಗ ಇಳಿಯುತ್ತದೆ.* ಚಳಿಗೆ ಬ್ಯಾಟರಿಯೂ ಮುದುಡುತ್ತದೆ. ಇನ್ನೊಂದನ್ನು ಒಳಜೇಬಿನಲ್ಲಿ, ಮೈಬಿಸಿಗೆ ಇಟ್ಟುಕೊಳ್ಳಿ.

*ಇಡ್ಲಿಯ ಹಬೆಯ ಫೋಟೊ ಬರುತ್ತಿಲ್ಲ.* ಹಬೆಯ ಹಿಂದೆ ಕತ್ತಲಿರಬೇಕು, ಬೆಳಕು ಪಕ್ಕದಿಂದ ಬರಬೇಕು. ಇಷ್ಟನ್ನು ಹೊಂದಿಸುವಷ್ಟರಲ್ಲಿ ಇಡ್ಲಿ ಆರಿರುತ್ತದೆ. ಇನ್ನೊಂದು ಪ್ಲೇಟ್ ಹೇಳಿ.

*ದಿಲ್ಲಿಯವರು ‘ನಿಮ್ಮಲ್ಲಿ ಚಳಿ ಎಲ್ಲಿದೆ’ ಎಂದು ನಗುತ್ತಾರೆ.* ಮಾತಿಗೆ ಇಳಿಯಬೇಡಿ. ಹೆಪ್ಪುಗಟ್ಟಿದ ಎಣ್ಣೆ ಬಾಟಲಿಯ ಫೋಟೊ ತೋರಿಸಿ.

*ಮನೆಯವರ ಫೋಟೊ ಒಂದೂ ಇಲ್ಲ. ಹೋಟೆಲ್ ಕಿಟಕಿಗಳ ಫೋಟೊ ಮುನ್ನೂರಿವೆ.* ಈ ದೋಷ ಗ್ರಾಹಕರ ಕಡೆಯದು. ಸರ್ವೀಸ್ ಸೆಂಟರ್ ಸ್ವೀಕರಿಸುವುದಿಲ್ಲ.

ಹಿಂದಿರುಗಿಸುವುದು

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟುಹೋಗುತ್ತದೆ ಎಂಬ ಮಾತೇ ಈ ಉತ್ಪನ್ನದ ವಾರಂಟಿ ಕಾರ್ಡು. ಅದಕ್ಕೂ ಮುಂಚೆ, ಫೆಬ್ರವರಿ ಮೊದಲ ವಾರ, ನನಗೊಂದು ಭಾನುವಾರ ಮನೆಯಲ್ಲಿ ಸಿಕ್ಕಿತು. ಅಮ್ಮ ಎಣ್ಣೆ ಬಾಟಲಿಯನ್ನು ತಾರಸಿಯ ಪ್ಯಾರಾಪೆಟ್ ಮೇಲೆ ಬಿಸಿಲಿಗಿಟ್ಟಿದ್ದಳು. ಸೂರ್ಯನ ಕಡೆಯ ಮಗ್ಗುಲು ಕರಗಿ ನೀರಿನಷ್ಟು ತಿಳಿಯಾಗಿತ್ತು. ನೆರಳಿನ ಮಗ್ಗುಲು ಇನ್ನೂ ಬೆಳ್ಳಗೆ, ಗಟ್ಟಿ. ನೋಡುತ್ತಿದ್ದಂತೆ ಆ ಬಿಳಿ ಗಡ್ಡೆ ಗಾಜಿನಿಂದ ಕಳಚಿ, ಮೆಲ್ಲಗೆ ವಾಲಿ, ತಿಳಿಯ ಎಣ್ಣೆಯಲ್ಲಿ ಅರ್ಧ ತಿರುಗಿತು. ಬಿಸಿಲು ಅದರ ಮೂಲಕ ಹಾದು ಸಿಮೆಂಟಿನ ಮೇಲೆ ಹಳದಿಯ ಒಂದು ಬಿಲ್ಲೆ ಬಿದ್ದಿತ್ತು. ಆ ಚಳಿಗಾಲದಲ್ಲಿ ನಾನು ತೆಗೆದ ಫೋಟೊಗಳಲ್ಲಿ ತಂತಿಯಿಲ್ಲದ, ನಡುಗದ, ಬೂದಿಯಾಗದ ಫೋಟೊ ಅದೊಂದೇ.

ಇನ್ನೊಂದಕ್ಕೆ ಬಗ್ಗಿದ್ದೆ. ‘ಎಣ್ಣೆ ಬಾಟ್ಲಿದು ಎಂಥಾ ಫೋಟೊನೋ, ಸಾಕು ಬಾ. ನಾಳೆ ಮತ್ತೆ ಹೊರಡ್ತೀಯ, ತಲೆ ನೋಡು ತೆಂಗಿನ ನಾರಾಗಿದೆ’ ಎಂದು ಬಾಟಲಿಯನ್ನು ಫ್ರೇಮಿನಿಂದ ಎತ್ತಿಕೊಂಡಳು. ನೆತ್ತಿಯ ಮೇಲೆ ಎಣ್ಣೆ ಬಿತ್ತು. ಒಂದು ಪಾಲು ಬಿಸಿಲಿನಷ್ಟು ಬೆಚ್ಚಗೆ, ಒಂದು ಪಾಲು ಕರಗದ ತುಣುಕಿನದು, ತಣ್ಣಗೆ. ಅವಳು ತಟ್ಟುತ್ತಿದ್ದಾಗ ತಡೆಯಲಾರದೆ ಕ್ಯಾಮೆರಾಕ್ಕೆ ಕೈ ಹಾಕಿದೆ. ಶಟರ್ ಗುಂಡಿಯ ಮೇಲೆ ಈಗಲೂ ಒಂದು ಎಣ್ಣೆ ಬೆರಳಚ್ಚಿದೆ.

ಅದನ್ನು ಒರೆಸುವ ವಿಧಾನ ಕ್ಯಾಮೆರಾದ ಕೈಪಿಡಿಯಲ್ಲಿ, ಬಹುಶಃ ಮೂರನೇ ಪುಟದಲ್ಲಿ ಇರಬೇಕು. ಓದಿಲ್ಲ.